ಅಗಸಿಯ ಫ್ಲೆಕ್ಸಿಗೆ ಮೂರು ಹಿಡಿ ಮಣ್ಣು

ನಿಂಬರ್ಗಾ ದಾಟಿ ಒಳಗೆ ಹೋದರೆ ಸಿಗುವ ಒಂದು ಊರಿನ ಸಂಗತಿ ಇದು. ಊರಿನ ಹೆಸರು ಬರೆಯುವುದಿಲ್ಲ. ಯಾರಿಗೋ ಅಂಜಿ ಬಿಟ್ಟಿದ್ದೇನೆ ಅಂದುಕೊಳ್ಳಬೇಡಿ. ಕೊರೊನಾ ಬಂದ ವರ್ಷ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಯಾವ ಊರಿನ ಹೆಸರು ಬರೆದರೂ ಈ ಕಥೆಗೆ ಹೊಂದುತ್ತಿತ್ತು. ಬೇಕಾದರೆ ಓದುವಾಗ ನಿಮ್ಮ ಊರಿನ ಹೆಸರನ್ನೇ ಹಾಕಿಕೊಳ್ಳಿ.

ಈ ಸಲ ತೊಗರಿ ಹೂವಿಗೆ ಬರುವ ಮುಂಚೆ ಬೇರೆ ಯಾವುದೋ ಕೆಲಸಕ್ಕೆ ಆ ಊರಿಗೆ ಹೋಗಿದ್ದೆ. ಊರ ಬಾಗಿಲಾದ ಅಗಸಿಯ ಕಟ್ಟೆಗೆ ಒರಗಿಸಿ ಆಳೆತ್ತರದ ಫ್ಲೆಕ್ಸು ನಿಲ್ಲಿಸಿದ್ದರು. ‘ಮತ್ತೆ ಹುಟ್ಟಿ ಬಾ ಡ್ರೈವರಣ್ಣ. ಭಾವಪೂರ್ಣ ಶ್ರದ್ಧಾಂಜಲಿ.’ ಕೆಳಗೆ ಸಾಲಾಗಿ ಅಭಿಮಾನಿ ಬಳಗದ ಹುಡುಗರ ಫೋಟೊ. ಎಲ್ಲರೂ ಕಪ್ಪು ಕನ್ನಡಕ ಹಾಕಿಕೊಂಡು ದುಃಖದಲ್ಲಿದ್ದರು. ನಡುವೆ ಸತ್ತವನ ಮುಖ. ಬೆಕ್ಕಿನ ಕಣ್ಣು, ಕೆಂಚು ಗಡ್ಡ, ತಲೆಗೊಂದು ಟೊಪ್ಪಿಗೆ. ಹಣೆಗೆ ಕಂಪ್ಯೂಟರಿನಲ್ಲೇ ಮೂರು ಬೆರಳು ವಿಭೂತಿ ಬಳಿದಿದ್ದರು.

ಯಾರಪ್ಪ ಈತ ಅಂದೆ. ಎದುರಿನ ಚಹಾ ಹೊಟೇಲಿನ ಚಂದ್ರಾಮಪ್ಪ, ಸೀರಿಯಲ್ಲಿನವ ಅಂದ. ಸತ್ತ ಹೆಣಗಳು ಎದ್ದು ಬಂದು ಬದುಕಿದವರನ್ನು ಕಡಿಯುವ ಪರದೇಶದ ಸೀರಿಯಲ್ಲು, ಕನ್ನಡದಲ್ಲಿ ‘ಹೆಬ್ಬಾಗಿಲು’ ಅಂತ ಬರುತ್ತದೆ, ಅದರಲ್ಲಿ ಈತ ಲಾರಿ ಡ್ರೈವರ್, ಹೋದ ಶುಕ್ರವಾರ ಸತ್ತ ಅಂತ ವಿವರಿಸಿದ. ಹೇಳುವಾಗ ಅವನ ದನಿಯಲ್ಲೂ ಒಂದಿಷ್ಟು ದುಃಖ ಇತ್ತು.

ನಗಬೇಕು ಅಂತಿದ್ದೆ. ಆಗ ಫ್ಲೆಕ್ಸಿನ ಬುಡ ಕಣ್ಣಿಗೆ ಬಿತ್ತು. ಅಲ್ಲಿ ಅರ್ಧ ಬುಟ್ಟಿಯಷ್ಟು ಕರಿಮಣ್ಣು ಗುಡ್ಡೆಯಾಗಿತ್ತು. ಮೇಲೆ ಬಾಡಿದ ಬಿಲ್ವಪತ್ರಿ. ಸೀರಿಯಲ್ಲಿನವನಿಗೆ ಮಣ್ಣೂ ಕೊಟ್ಟರೇನು ನಿಮ್ಮ ಹುಡುಗರು ಅಂತ ಕೇಳಿದೆ.

ಚಂದ್ರಾಮಪ್ಪ ಗ್ಲಾಸು ತೊಳೆಯುವುದನ್ನು ನಿಲ್ಲಿಸಲಿಲ್ಲ. “ಫೋಟೊ ಸೀರಿಯಲ್ಲಿಂದ್ರಿ. ಮಣ್ಣು ಸುಭದ್ರಾಬಾಯಿ ಮಗಂದು,” ಅಂದ.

ಸುಭದ್ರಾಬಾಯಿಯ ತವರು ಚೌಡಾಪುರ. ಗಾಣಗಾಪುರಕ್ಕೆ ಹೋಗುವ ಮಂದಿ ಇಳಿಯುವ ರಸ್ತೆಯ ಊರು. ಅಪ್ಪ ಕಾಯಿ ಕರ್ಪೂರದ ಅಂಗಡಿ ಇಟ್ಟಿದ್ದ. ಅಲ್ಲಿ ಕೂತು ಬೆಳೆದವಳಿಗೆ ಮಂದಿಯ ಜೊತೆ ಮಾತು ಸಲೀಸು, ಮರಾಠಿ ಒಂದಿಷ್ಟು, ಉರ್ದು ಒಂದಿಷ್ಟು. ಮದುವೆಯಾಗಿ ಬಂದದ್ದು ದೌಲತರಾಯನಿಗೆ. ಆತನ ಬಾಯಲ್ಲಿ ಅಷ್ಟು ಭಾಷೆ ಇಲ್ಲ. ಇದ್ದ ಒಂದನ್ನೂ ಖರ್ಚು ಮಾಡುತ್ತಿರಲಿಲ್ಲ. ಲಗ್ನವಾದ ಹೊಸದರಲ್ಲಿ, ನಾನೇನು ಎತ್ತಿನ ಜೊತೆ ಸಂಸಾರ ಮಾಡಾಕತ್ತೇನೇನು ಅಂತ ತವರಿಗೆ ಹೋಗಿ ಅತ್ತಳಂತೆ. ಈಗ ಅದನ್ನು ಹೇಳಿಕೊಂಡು ನಗುತ್ತಾಳೆ.

ಆಕೆ ನನಗೆ ಹೇಳಿದ ಒಂದು ಹಳೆಯ ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ದೌಲತರಾಯನಿಗೂ ಅವನ ಅಣ್ಣನಿಗೂ ಬದುವಿನ ಮೇಲಿನ ಬೇವಿನ ಗಿಡಕ್ಕಾಗಿ ಜಗಳವಾಗಿ ವರ್ಷಗಟ್ಟಲೆ ಮಾತು ಬಿಟ್ಟಿತ್ತು. ತಪ್ಪು ಅಣ್ಣನದು, ಊರಿಗೆಲ್ಲ ಗೊತ್ತು. ಒಂದು ಕಾರಹುಣ್ಣಿಮೆಯ ದಿನ ಆ ಅಣ್ಣ ಬಂದು, ಯಾರ ಮುಖವನ್ನೂ ನೋಡದೆ, ದೌಲತರಾಯನ ಬಿಳಿ ಎತ್ತಿನ ಕೊರಳಿಗೆ ಹೊಸ ಗಂಟೆ ಕಟ್ಟಿ ಹೋದ. ಅಷ್ಟೇ. ಸುಭದ್ರಾಬಾಯಿ ಒಳಗೆ ಹೋಗಿ ಬ್ಯಾಳಿ ಬೇಯಲಿಟ್ಟು, ಹೋಳಿಗೆ ಮಾಡಿ, ಡಬ್ಬಿ ತುಂಬಿ ಭಾವನ ಮನೆಗೆ ಒಯ್ದಳು. ಆತ ತಿಂದ. ಮರುದಿನ ಅದೇ ಡಬ್ಬಿ ಶೇಂಗಾ ಚಟ್ನಿಯ ಹಿಂಡಿ ತುಂಬಿಕೊಂಡು ವಾಪಸು ಬಂತು. ಜಗಳ ಹರಿಯಿತು.

ನಮ್ಮ ಕಡೆ ಹೀಗೆ. ತಪ್ಪಾಯಿತು ಅನ್ನುವ ಮಾತು ನಮ್ಮ ಬಾಯಿಗೆ ಬರುವುದಿಲ್ಲ. ಎತ್ತಿನ ಹೆಸರಿನಲ್ಲಿ, ದೇವರ ಹೆಸರಿನಲ್ಲಿ, ಇನ್ಯಾರದೋ ಕೂಸಿನ ಹೆಸರಿನಲ್ಲಿ ತಪ್ಪೊಪ್ಪಿಕೊಳ್ಳುತ್ತೇವೆ. ನೊಂದವರು ಅರ್ಥ ಮಾಡಿಕೊಂಡು ಹೋಳಿಗೆ ಕಳಿಸುತ್ತಾರೆ. ತಿಂದರೆ ಮುಗಿಯಿತು. ಡಬ್ಬಿಯನ್ನು ಮಾತ್ರ ಖಾಲಿ ತಿರುಗಿಸಬಾರದು.

ದೌಲತರಾಯ ಎದೆನೋವಿನಲ್ಲಿ ಹೋದಾಗ ಹೊಲದ ತುಂಬ ಮಂದಿ ನಿಂತಿತ್ತು. ಆತನನ್ನು ಕುಣಿಯಲ್ಲಿ ಕೂಡಿಸಿ, ವಿಭೂತಿ ಹಚ್ಚಿ, ಪತ್ರಿ ಏರಿಸಿ, ಊರವರೆಲ್ಲ ಸಾಲಾಗಿ ಬಂದು ಮೂರು ಮೂರು ಹಿಡಿ ಮಣ್ಣು ಕೊಟ್ಟರು. ಮಾತಾಡದ ಮನುಷ್ಯನಿಗೆ ಇಷ್ಟು ಮಂದಿ ಎಲ್ಲಿಂದ ಬಂದರು ಅಂತ ಆಕೆಗೆ ಆ ಅಳುವಿನಲ್ಲೂ ಆಶ್ಚರ್ಯವಾಯಿತಂತೆ.

ಮಗ ಅಮರನಾಥ ಅವ್ವನ ಹಾಗೆ ಮಾತಿನವ. ಹೊಲ ಹಿಡಿಯಲಿಲ್ಲ, ಲಾರಿ ಹಿಡಿದ. ಆಳಂದದಿಂದ ತೊಗರಿಬೇಳೆ ತುಂಬಿಕೊಂಡು ಪುಣೆಗೆ, ಅಲ್ಲಿಂದ ಸಿಕ್ಕ ಮಾಲು ತುಂಬಿಕೊಂಡು ಈ ಕಡೆ. ಬರುವಾಗ ಕ್ಯಾಬಿನ್ನಿನಲ್ಲಿ ಊರವರ ಸಾಮಾನೇ ಹೆಚ್ಚು. ಒಬ್ಬರಿಗೆ ಕನ್ನಡಕ, ಒಬ್ಬರಿಗೆ ಗುಳಿಗೆ, ಇನ್ನೊಬ್ಬರ ಲಗ್ನಕ್ಕೆ ಸೀರೆ. ಸಂತೋಷಕುಮಾರ ಅಂತ ಒಬ್ಬ ಹುಡುಗ ಅಗಸಿಯಲ್ಲಿ ಮೊಬೈಲ್ ಅಂಗಡಿ ತೆರೆಯಬೇಕು ಅಂದಾಗ ಅವನ ಮೊದಲ ಕವರು, ಚಾರ್ಜರು ಎಲ್ಲ ಪುಣೆಯಿಂದ ಬಂದದ್ದು ಅಮರನಾಥನ ಸೀಟಿನ ಹಿಂದೆ. ಈ ಸಂತೋಷಕುಮಾರನನ್ನು ನೆನಪಿಟ್ಟುಕೊಳ್ಳಿ.

ಲಾಕ್‌ಡೌನ್ ಬಿದ್ದಾಗ ಅಮರನಾಥ ಪುಣೆಯ ಆಚೆ ಸಿಕ್ಕಿಬಿದ್ದ. ಲಾರಿ ಬಿಟ್ಟು, ಅವರಿವರ ಗಾಡಿ ಹತ್ತಿ, ಗಡಿಯ ಹಿರೋಳಿ ನಾಕಾ ತಪ್ಪಿಸಿ ಹೊಲದೊಳಗಿಂದ ನಡೆದುಕೊಂಡು ಊರಿಗೆ ಬಂದ. ಅಗಸಿಗೆ ಜಾಲಿ ಮುಳ್ಳು ಹಚ್ಚಿದ್ದರು. ಆಚೆ ಅವನು, ಈಚೆ ಕೋಲು ಹಿಡಿದ ಹುಡುಗರು. ಮುಂದೆ ನಿಂತು ಸೀಟಿ ಊದುತ್ತಿದ್ದವ ಸಂತೋಷಕುಮಾರ. ಊರ ಪಂಚರು ಹೇಳಿದ್ದರು, ಪುಣೆ ಮುಂಬೈಯಿಂದ ಬಂದವರು ಯಾರೇ ಇರಲಿ ಒಳಗೆ ಬಿಡಬೇಡಿ ಅಂತ.

ಅಮರನಾಥ ಜಗಳ ಮಾಡಲಿಲ್ಲ. ನಗುತ್ತಲೇ, ಬ್ಯಾಡ ಬಿಡ್ರಪಾ, ಹೊಲದಾಗ ಇರ್ತೇನಿ ಅಂದು ಬಾವಿಯ ಪಂಪಿನ ಕೋಣೆಗೆ ಹೋದ. ಸುಭದ್ರಾಬಾಯಿ ದಿನಾ ರೊಟ್ಟಿ ಒಯ್ದು ಬಾವಿಯ ಕಟ್ಟೆಯ ಮೇಲಿಟ್ಟು ಹಿಂದೆ ಸರಿದು ನಿಲ್ಲುತ್ತಿದ್ದಳು. ಅವನು ಬಂದು ಎತ್ತಿಕೊಳ್ಳುತ್ತಿದ್ದ. ಅವನ ಮಗಳು ಐಶ್ವರ್ಯಾಳನ್ನು ದೂರದಿಂದ ತೋರಿಸಿ ಕರೆದುಕೊಂಡು ಬರುತ್ತಿದ್ದಳು.

ಆಮೇಲೆ ಹೊಟ್ಟೆನೋವು ಶುರುವಾಯಿತು. ಜ್ವರವೂ ಬಂತು. ಜ್ವರ ಅಂದದ್ದೇ ತಡ, ರೊಟ್ಟಿ ಒಯ್ಯುವ ದಾರಿಗೂ ಮುಳ್ಳು ಬಿತ್ತು. ದವಾಖಾನೆಗೆ ಒಯ್ಯಲು ಟಂಟಂ ಕೇಳಿದರೆ ಒಬ್ಬನ ಗಾಡಿಗೆ ಗಾಲಿ ಇಲ್ಲ, ಇನ್ನೊಬ್ಬನ ಗಾಡಿಗೆ ಡೀಸೆಲ್ ಇಲ್ಲ. ಸುಭದ್ರಾಬಾಯಿ ಅಗಸಿಗೆ ಬಂದು ಮುಳ್ಳನ್ನು ಕೈಯಿಂದಲೇ ಸರಿಸಲು ಹೋದಳು. ಆಕೆಯನ್ನು ಎಳೆದು ಕೂಡಿಸಿದರು. ಮಗ ಬಾವಿಯ ಕಟ್ಟೆಯ ಮೇಲೆ ಸತ್ತ. ಬಿಳಿ ದಿರಿಸಿನವರು ಬಂದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಯ್ದು, ದವಾಖಾನೆಯಲ್ಲಿ ಪೋಸ್ಟ್‌ಮಾರ್ಟಂ ಮಾಡಿಸಿ, ದೂರದ ಒಂದು ಬೆಳೆ ಇಲ್ಲದ ಪಡ ಜಮೀನಿನಲ್ಲಿ ಜೆಸಿಬಿಯಿಂದ ತೋಡಿಸಿ ಮುಚ್ಚಿದರು. ಎಲ್ಲಿ ಅಂತ ಈಗ ತೋರಿಸುವವರೂ ಇಲ್ಲ.

ಕೆಲವು ದಿನ ಬಿಟ್ಟು ದವಾಖಾನೆಯಿಂದ ಪಂಚರಿಗೆ ಫೋನು ಬಂತು. ಸತ್ತವನಿಗೆ ಆ ರೋಗ ಇರಲೇ ಇಲ್ಲ. ಹೊಟ್ಟೆಯಲ್ಲಿ ಕರುಳು ಒಡೆದಿತ್ತು. ಬೇಗ ತಂದಿದ್ದರೆ ಉಳಿಯುತ್ತಿದ್ದ. ಫೋನಿನ ಮಾತು ಸಂಜೆಯೊಳಗೆ ಮನೆಮನೆಗೆ ಮುಟ್ಟಿತು. ಯಾರೂ ಮುಚ್ಚಿಡಲಿಲ್ಲ. ಯಾರೂ ಆಕೆಯ ಮನೆಗೆ ಬರಲೂ ಇಲ್ಲ. ಮುಳ್ಳನ್ನು ಒಬ್ಬೊಬ್ಬರು ಒಂದೊಂದು ಹೊರೆ ಒಯ್ದು ಒಲೆಗೆ ಹಾಕಿಕೊಂಡರು.

ಆಗ ಎಲ್ಲರಿಗೂ ಅಂಜಿಕೆ ಇತ್ತು, ಏನು ಮಾಡುವುದು ಅನ್ನುತ್ತೀರಿ. ಒಪ್ಪಿದೆ. ಅಂಜಿಕೆ ಇದ್ದದ್ದು ಆಗ. ಅಂಜಿಕೆ ಹೋಗಿ ಇಷ್ಟು ವರ್ಷ ಆಯಿತಲ್ಲ, ಈ ವರ್ಷಗಳಿಗೆ ಏನು ನೆಪ ಹೇಳುತ್ತೀರಿ?

ಸೊಸೆ ವಿದ್ಯಾವತಿ ಆ ಅಗಸಿಯನ್ನು ದಾಟಿ ಒಳಗೆ ಹೊರಗೆ ಓಡಾಡಲಾರೆ ಅಂತ ಜೇವರ್ಗಿಯ ತವರಿಗೆ ಹೋಗಿ ಅಲ್ಲೇ ಹೊಲಿಗೆ ಮಶಿನ್ ಹಾಕಿಕೊಂಡಳು. ಐಶ್ವರ್ಯಾ ಅಜ್ಜಿಯ ಹತ್ತಿರ ಉಳಿದಳು. ಈಗ ಆಳಂದದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಸುಭದ್ರಾಬಾಯಿ ದನದ ಕೊಟ್ಟಿಗೆ ಹಸನು ಮಾಡಿ ಖಡಕ್ ರೊಟ್ಟಿ ಬಡಿದು ಮಾರಲು ಶುರು ಮಾಡಿದಳು. ಜೊತೆಗೆ ಮೆಹರಾಜಬೇಗಂ ಬಂದಳು, ಆಮೇಲೆ ಇನ್ನಿಬ್ಬರು ಹೆಂಗಸರು. ಲಗ್ನದ ಮನೆಗಳಿಗೆ ಇವರ ರೊಟ್ಟಿಯೇ ಹೋಗುತ್ತದೆ. ಮುಳ್ಳು ಹಚ್ಚಿದವರೂ ಅದನ್ನೇ ತಿನ್ನುತ್ತಾರೆ.

ಆ ಕೊಟ್ಟಿಗೆಯಲ್ಲಿ ಸೀರಿಯಲ್ ಹಚ್ಚಿದವಳು ಐಶ್ವರ್ಯಾ. ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟರೆ ನಾಲ್ಕೂ ಹೆಂಗಸರು ರೊಟ್ಟಿ ಬಡಿಯುತ್ತಲೇ ನೋಡುತ್ತಿದ್ದರು. ಮೊದಮೊದಲು ಸುಭದ್ರಾಬಾಯಿ, ಸತ್ತವರು ಎದ್ದು ಬರಂಗಿದ್ರ ಕಡಿಯಾಕ ಯಾಕ ಬರ್ತಾರ, ಉಣ್ಣಾಕ ಬರ್ತಾರ ಅಂತ ಬೈಯುತ್ತಿದ್ದಳಂತೆ. ಆಮೇಲೆ ಡ್ರೈವರನ ಪಾತ್ರ ಬಂತು. ಬದುಕಿದವರು ಒಂದು ಕೋಟೆಯೊಳಗೆ ಬಾಗಿಲು ಹಾಕಿಕೊಂಡು ಕೂತಿದ್ದಾರೆ. ಇವನೊಬ್ಬ ಲಾರಿ ತೆಗೆದುಕೊಂಡು ಹೊರಗೆ ಹೋಗಿ ಅವರಿಗೆ ಹಿಟ್ಟು, ಔಷಧ ತರುತ್ತಾನೆ. ಮಗಳಿದ್ದಾಳೆ ಅವನಿಗೆ, ಕೋಟೆಯೊಳಗೆ. ಮಾತು ಮಾತಿಗೆ ನಗುತ್ತಾನೆ. ಅವನ ಇಂಗ್ಲಿಷ್ ಹೆಸರು ನಮ್ಮ ಕಡೆ ಯಾರ ನಾಲಗೆಗೂ ಹತ್ತಲಿಲ್ಲ. ಇಡೀ ಊರು ಡ್ರೈವರಣ್ಣ ಅಂದಿತು. ಅವನು ತೆರೆಯ ಮೇಲೆ ಬಂದಾಗ ಸುಭದ್ರಾಬಾಯಿಯ ಕೈ ನಿಧಾನವಾಗುತ್ತಿತ್ತು ಅಂತ ಮೆಹರಾಜಬೇಗಂ ಹೇಳಿದಳು.

ಎರಡನೇ ಸೀಸನ್ನು ಅವನನ್ನು ಬಾಗಿಲ ಹೊರಗೆ ನಿಲ್ಲಿಸಿ ಮುಗಿದಿತ್ತು. ತೋಳಿನಲ್ಲಿ ರಕ್ತ, ಬೆನ್ನ ಹಿಂದೆ ಹೆಣಗಳ ದಂಡು. ಹೆಣ ಕಡಿದಿದ್ದರೆ ಇವನೂ ಹೆಣವಾಗುತ್ತಾನೆ. ಕಡಿದಿದೆಯೋ ಇಲ್ಲವೋ, ಬಾಗಿಲು ತೆರೆಯುತ್ತಾರೋ ಇಲ್ಲವೋ ಅಂತ ಹೆಚ್ಚುಕಡಿಮೆ ಒಂದು ವರ್ಷ ಚಂದ್ರಾಮಪ್ಪನ ಹೊಟೇಲಿನಲ್ಲಿ ಪಂದ್ಯ ನಡೆಯಿತು.

ಮೂರನೇ ಸೀಸನ್ನಿನ ಮೊದಲ ಕಂತು ಒಂದು ಶುಕ್ರವಾರ ಬೆಳಿಗ್ಗೆ ಬಂತು. ಕೋಟೆಯವರು ಬಾಗಿಲು ತೆರೆಯಲಿಲ್ಲ. ಡ್ರೈವರ್ ತೋಳು ಎತ್ತಿ ತೋರಿಸಿದ. ಅದು ತಂತಿ ಗೀರಿದ ಗಾಯ. ಕೋಟೆಯ ಹಿರಿಯ ನೋಡಿಯೂ ತಲೆ ಅಲ್ಲಾಡಿಸಿದ. ಹೆಣಗಳು ಮುತ್ತಿಕೊಂಡವು. ಬೆಳಗಾದ ಮೇಲೆ ಬಾಗಿಲು ತೆರೆದರೆ ಅಲ್ಲಿ ಅವನ ಟೊಪ್ಪಿಗೆಯೊಂದೇ ಬಿದ್ದಿತ್ತು. ಅದನ್ನೂ ಯಾರೂ ಎತ್ತಿಕೊಳ್ಳಲಿಲ್ಲ.

ಕೊಟ್ಟಿಗೆಯಲ್ಲಿ ರೊಟ್ಟಿಯ ಸಪ್ಪಳ ನಿಂತಿತ್ತು. ಹಂಚಿನ ಮೇಲಿನದು ಕರಕಾಗಿ ಹೊಗೆ ಬರುವವರೆಗೂ ಯಾರೂ ಏಳಲಿಲ್ಲ. ಸುಭದ್ರಾಬಾಯಿ ಫೋನಿಗೆ ಅಂದಳು, “ಟೊಪ್ಪಿಗಿಗಾದ್ರೂ ಒಂದ್ ಹಿಡಿ ಮಣ್ಣು ಕೊಡ್ರೋ.”

ಆ ದಿನ ನಾಡಿನ ತುಂಬ ಗೋಳೋ ಅಂತ ಅಳು. ನಾನೂ ಆಮೇಲೆ ತೆಗೆದು ನೋಡಿದೆ. ಇನ್ನು ಮೇಲೆ ಈ ಸೀರಿಯಲ್ ಮುಖ ನೋಡುವುದಿಲ್ಲ ಅಂತ ಆಣೆ ಮಾಡಿದವರು, ಕಥೆ ಬರೆದವನ ಕೈ ಮುರಿಯಬೇಕು ಅಂದವರು, ಊಟ ಬಿಟ್ಟೆ ಅಂತ ಖಾಲಿ ತಾಟಿನ ಫೋಟೊ ಹಾಕಿದವರು. ಆ ಊರಿನಿಂದ ಹೋದದ್ದು ಸಂತೋಷಕುಮಾರನ ವಿಡಿಯೊ. ಈಗ ಅವನು ಅಭಿಮಾನಿ ಬಳಗದ ಅಧ್ಯಕ್ಷ. ಮೊಬೈಲ್ ಅಂಗಡಿಯ ಮುಂದೆ ಕೂತು ನಿಜವಾಗಿಯೂ ಅತ್ತಿದ್ದಾನೆ. ಅದನ್ನು ಸುಳ್ಳು ಅನ್ನಲಾರೆ. ಮೂಗು ಒರೆಸಿಕೊಂಡು ಕೋಟೆಯವರಿಗೆ ಅನ್ನುತ್ತಾನೆ, “ಬಾಗಲಾ ತೆಗಿಯಾಕ ನಿಮಗೇನಾಗಿತ್ತಲೇ? ನಮ್ಮವನ ಇದ್ದ ಅಂವ. ನಿಮಗ ಹಿಟ್ಟು ತಂದು ಹಾಕಿದಾವ.”

ಲಕ್ಷಗಟ್ಟಲೆ ಜನ ನೋಡಿದರು. ಐಶ್ವರ್ಯಾಳ ಫೋನಿಗೂ ಬಂತು. ಹುಡುಗಿ ಒಬ್ಬಳೇ ನೋಡಿ ಅಳಿಸಿ ಹಾಕಬೇಕೆಂದಿದ್ದಳು. ಅಜ್ಜಿ ಹೆಗಲ ಹಿಂದೆ ನಿಂತಿದ್ದಳು. ಇನ್ನೊಮ್ಮೆ ಹಚ್ಚು ಅಂದಳು. ಮತ್ತೊಮ್ಮೆ ಹಚ್ಚು ಅಂದಳು. ‘ನಮ್ಮವನ ಇದ್ದ ಅಂವ’ ಅನ್ನುವಲ್ಲಿಗೆ ನಿಲ್ಲಿಸಲು ಹೇಳಿದಳು.

ಮರುದಿನ ಅಗಸಿಯಲ್ಲಿ ಫ್ಲೆಕ್ಸು ಎದ್ದಿತು. ಸುಭದ್ರಾಬಾಯಿ ಹೋಗಿ ನೋಡಿದಳು. ಮುಳ್ಳು ಹಚ್ಚಿದ್ದ ಅದೇ ಜಾಗ. ಸತ್ತವ ಲಾರಿ ಡ್ರೈವರ್. ಹೊರಗೆ ನಿಂತು ಸತ್ತವ. ರೋಗ ಇಲ್ಲದೆ ಸತ್ತವ. ಮಗಳಿದ್ದವ. ಹಣೆಗೆ ನೋಡಿದರೆ ವಿಭೂತಿ. ಕಟ್ಟಿದವ ಸೀಟಿ ಊದಿದ ಹುಡುಗ.

ಆಕೆ ಬಿಳಿ ಎತ್ತಿನ ಕೊರಳಿನ ಗಂಟೆಯನ್ನು ನೋಡಿದ ಹೆಂಗಸು. ಆಕೆಗೆ ಬೇರೆ ಏನು ತಿಳಿಯಬೇಕಿತ್ತು? ಹುಡುಗ ಬಾಯಿಬಿಟ್ಟು ಹೇಳಲಾರದೆ ಸೀರಿಯಲ್ಲಿನವನ ಹೆಸರಿನಲ್ಲಿ ಹೇಳಿದ್ದಾನೆ ಅಂದುಕೊಂಡಳು. ಮನೆಗೆ ಬಂದು ಬ್ಯಾಳಿ ಬೇಯಲಿಟ್ಟಳು. ಆಯಿ, ಅವರು ಖರೇನ ಸೀರಿಯಲ್ಲಿನವನಿಗೇ ಹಾಕಿದ್ದಾರೆ ಅಂತ ಐಶ್ವರ್ಯಾ ಎರಡು ಮೂರು ಸಲ ಹೇಳಲು ನೋಡಿದಳು. ನಿಂಗ ಗೊತ್ತಾಗಂಗಿಲ್ಲ, ನೀ ಇಂಗ್ಲಿಷ್ ಓದಾಕಿ ಅಂತ ಅಜ್ಜಿ ನಕ್ಕುಬಿಟ್ಟಳು. ಎಷ್ಟೋ ವರ್ಷದ ಮೇಲೆ ಹಾಗೆ ನಕ್ಕಿದ್ದಳು.

ಹೋಳಿಗೆ ಡಬ್ಬಿ ಹಿಡಿದುಕೊಂಡು ಹೋಗುವಾಗ ಮೆಹರಾಜಬೇಗಂ ಜೊತೆಗಿದ್ದಳು. ಅಲ್ಲಿ ನಡೆದದ್ದನ್ನು ನನಗೆ ಹೇಳಿದವಳು ಅವಳೇ. ಸಂತೋಷಕುಮಾರ ಯಾವುದೋ ಫೋನಿಗೆ ಗಾಜು ಅಂಟಿಸುತ್ತಿದ್ದ. ಡಬ್ಬಿ ಮುಂದಿಟ್ಟಾಗ, ಏನು ಹಬ್ಬ ಆಯಿ ಅಂತ ಕೇಳಿದ.

“ಹಬ್ಬ ಏನಿಲ್ಲ ತಮ್ಮಾ. ನೀ ಅಗಸ್ಯಾಗ ಫೋಟೊ ನಿಲ್ಲಿಸಿದೆಲ್ಲ. ನಂಗ ತಿಳೀತು. ತಿನ್ನು,” ಅಂದಳು ಸುಭದ್ರಾಬಾಯಿ.

ಹುಡುಗನ ಮುಖ ಇಳಿಯಿತು. ಅವನೂ ಇದೇ ನೆಲದವ. ಡಬ್ಬಿಯ ಅರ್ಥ ಅವನಿಗೆ ಗೊತ್ತಿತ್ತು. ಹೇಳಬಹುದಿತ್ತು. ಇಲ್ಲ ಆಯಿ, ಇದು ಬೇರೆ ಅನ್ನಬಹುದಿತ್ತು. ಅಥವಾ ಹೌದು ಆಯಿ ಅಂದು ಕಾಲು ಹಿಡಿಯಬಹುದಿತ್ತು. ಅದಕ್ಕಿಂತ ಒಳ್ಳೆಯ ಗಳಿಗೆ ಅವನ ಜನ್ಮದಲ್ಲಿ ಬರುವುದಿಲ್ಲ. ಎರಡನ್ನೂ ಮಾಡಲಿಲ್ಲ. ಹೋಳಿಗೆ ಮುರಿದು ತಿಂದ. ಕಣ್ಣಲ್ಲಿ ನೀರು ತಂದುಕೊಂಡು ಪೂರ್ತಿ ತಿಂದ. ಸುಭದ್ರಾಬಾಯಿ ಅವನ ತಲೆ ಸವರಿ ಬಂದಳು. ಡಬ್ಬಿಯನ್ನು ಅಲ್ಲೇ ಬಿಟ್ಟಳು, ತಾನಾಗಿ ಬರುತ್ತದೆ ಅಂತ.

ಅಂದಿನಿಂದ ಮಣ್ಣು ಶುರುವಾಯಿತು. ದೌಲತರಾಯನನ್ನು ಇಟ್ಟ ಹೊಲದಿಂದ ಸೆರಗಿನಲ್ಲಿ ಮಣ್ಣು ತಂದು ಫ್ಲೆಕ್ಸಿನ ಬುಡಕ್ಕೆ ಮೂರು ಹಿಡಿ ಹಾಕಿ ಪತ್ರಿ ಏರಿಸಿದಳು. ಮಗನನ್ನು ಹೂತ ಜಾಗ ಗೊತ್ತಿಲ್ಲ, ಇದೇ ಆಗಲಿ. ಮರುದಿನ ಮೆಹರಾಜಬೇಗಂ ಮೂರು ಹಿಡಿ ಹಾಕಿದಳು. ನಮ್ಮಲ್ಲೂ ಮೂರು ಹಿಡಿಯೇ ಅಂದಳಂತೆ. ರೊಟ್ಟಿಯ ಹೆಂಗಸರಿಬ್ಬರು ಹಾಕಿದರು. ನೀರಿಗೆ ಬಂದವರಲ್ಲಿ ಒಬ್ಬಿಬ್ಬರು ಆ ಕಡೆ ಈ ಕಡೆ ನೋಡಿ ಕೊಡ ಕೆಳಗಿಟ್ಟು ಹಾಕಿದರು. ಯಾರಿಗೆ ಅಂತ ಯಾರೂ ಬಾಯಲ್ಲಿ ಹೇಳಲಿಲ್ಲ, ಆದರೆ ಕೆಂಚು ಗಡ್ಡದವನಿಗೆ ಅಂತ ಯಾರೂ ಹಾಕಲಿಲ್ಲ.

ಒಂದು ಮುಂಜಾನೆ ಕುರಿ ಹೊಡೆದುಕೊಂಡು ಬಂದ ಮುದುಕ ಬೀರಣ್ಣ ಅಲ್ಲಿ ನಿಂತ. ಪಂಚರ ಮಾತು ಕೇಳಿ ಅಂದು ಜಾಲಿ ಕಡಿದು ತಂದು ಹಾಕಿದ್ದು ಇವನೇ. ಕುರಿಗಳು ಮುಂದೆ ಹೋದರೂ ಅವನು ಹೋಗಲಿಲ್ಲ. ಬಗ್ಗಿ ಮಣ್ಣು ಹಾಕಿದ. ಆಮೇಲೆ ಅಲ್ಲೇ ಕಟ್ಟೆಯ ಮೇಲೆ ಕೂತಿದ್ದ ಸುಭದ್ರಾಬಾಯಿಗೆ, “ಕೊಡ್ಲಿ ನಂದ ಇತ್ತಬೇ,” ಅಂದ.

“ಗೊತ್ತೈತೆಪಾ,” ಅಂದಳು.

“ನಂಗೂ ದಿನಾ ಗೊತ್ತಾಗತೈತಿ,” ಅಂದು ಕುರಿಗಳ ಹಿಂದೆ ಹೋದ.

ಆ ಊರಿನಲ್ಲಿ ಇಷ್ಟು ವರ್ಷದಲ್ಲಿ ಆಡಿದ ನಿಜವಾದ ಮಾತು ಇದೊಂದೇ. ಆಡಿದವ ಕುರಿ ಕಾಯುವ ಮುದುಕ. ಪಂಚರು ಆ ದಾರಿಯಲ್ಲೇ ಬೈಕಿನಲ್ಲಿ ಓಡಾಡುತ್ತಿದ್ದರು. ಫ್ಲೆಕ್ಸು ನೋಡಿ, ಹುಡುಗರು ಭಾರಿ ಸೀರಿಯಲ್ ಹುಚ್ಚರಾಗ್ಯಾರ ಅಂತ ನಗುತ್ತಿದ್ದರು.

ನಾನು ಆ ಮಣ್ಣಿನ ಗುಡ್ಡೆಯನ್ನು ನೋಡಿದ್ದು ಆಗ. ಮುಂದಿನದು ನಡೆದದ್ದು ನಾನು ಹೋಗಿ ಬಂದ ಮರುದಿನ, ಶುಕ್ರವಾರ.

ಎರಡನೇ ಕಂತು ಬಂತು. ಡ್ರೈವರ್ ಸತ್ತಿರಲಿಲ್ಲ. ಹೆಣಗಳು ಮುತ್ತಿದಾಗ ಲಾರಿಯ ಕೆಳಗೆ ಉರುಳಿ ಹೋಗಿ ಚರಂಡಿಯ ಕೊಳವೆಯಲ್ಲಿ ಅಡಗಿದ್ದನಂತೆ. ಟೊಪ್ಪಿಗೆ ಮಾತ್ರ ಬಿದ್ದಿತ್ತಂತೆ. ಅಳಿಸುವುದು, ಆಮೇಲೆ ಎಬ್ಬಿಸಿ ಕೂಡಿಸುವುದು, ಇದು ಅವರ ಕಸುಬು. ನಾಡಿನ ಅಭಿಮಾನಿಗಳೆಲ್ಲ ಹೋದ ವಾರದ ಆಣೆ ಮರೆತು ಕುಣಿದರು.

ಐಶ್ವರ್ಯಾ ಕಾಲೇಜಿಗೆ ಹೋಗದೆ ಮನೆಯಲ್ಲಿದ್ದಳು. ಫೋನಿನಲ್ಲಿ ನೋಡಿದವಳೇ ಫೋನನ್ನು ಅಡಗಿಸಿಟ್ಟು, ನೆಟ್ವರ್ಕ್ ಇಲ್ಲ ಆಯಿ ಅಂದಳು. ಅಷ್ಟರಲ್ಲಿ ಅಗಸಿಯ ಕಡೆಯಿಂದ ಪಟಾಕಿಯ ಸಪ್ಪಳ ಕೇಳಿತು.

ಸುಭದ್ರಾಬಾಯಿ ಹಿಟ್ಟಿನ ಕೈಯಲ್ಲೇ ಹೋದಳು. ಫ್ಲೆಕ್ಸು ಕಿತ್ತು ಮಗ್ಗುಲಾಗಿ ಬಿದ್ದಿತ್ತು. ‘ಸತ್ತಿಲ್ಲ ನಮ್ಮಣ್ಣ’ ಅಂತ ಹುಡುಗರು ಕುಣಿಯುತ್ತಿದ್ದರು. ಪಟಾಕಿಯ ಸರವನ್ನು ಮಣ್ಣಿನ ಗುಡ್ಡೆಯ ಮೇಲೆ ಹಾಸಿ ಹಚ್ಚಿದ್ದರು. ಬೇಕಂತ ಅಲ್ಲ. ಅಲ್ಲಿ ಜಾಗ ಎತ್ತರವಾಗಿತ್ತು, ಅದಕ್ಕೆ. ಬೇಕಂತ ಮಾಡಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ ನನಗೆ. ಮಣ್ಣು ಸಿಡಿದು ಕೆಂಪು ಕಾಗದದ ಚೂರಿನ ಜೊತೆ ಬೆರೆತಿತ್ತು.

ಆಕೆಯನ್ನು ಕಂಡು ಸಂತೋಷಕುಮಾರ ಕುಣಿಯುವುದನ್ನು ನಿಲ್ಲಿಸಿದ. ಒಬ್ಬೊಬ್ಬರಾಗಿ ಎಲ್ಲರೂ ನಿಂತರು.

“ಯಾಕ ತಗದ್ರಿ ತಮ್ಮಾ ಫೋಟೊ?” ಅಂತ ಕೇಳಿದಳು.

“ಅಂವ ಸತ್ತಿಲ್ಲ ಆಯಿ. ಇವತ್ತ ತೋರ್ಸಿದ್ರು.” ಆಮೇಲೆ ನೆಲ ನೋಡುತ್ತ ಅಂದ, “ಅದು ಸೀರಿಯಲ್ಲಿನವಂದ ಇತ್ತು ಆಯಿ. ಅವತ್ತ ಹೇಳ್ಬೇಕಂದೆ. ಬಾಯಿ ಬರ್ಲಿಲ್ಲ.”

ಹಿಂದಿನಿಂದ ಯಾವನೋ ಕಿಸಕ್ಕನೆ ನಕ್ಕು, ತಾನೇ ಬಾಯಿ ಮುಚ್ಚಿಕೊಂಡ.

“ಹಂಗಾರ ಹೋಳಿಗಿ ಯಾಕ ತಿಂದೆಪಾ?” ಅಂತ ಸುಭದ್ರಾಬಾಯಿ ಕೇಳಿದಳು.

ಆಕೆ ಕುಕ್ಕರಗಾಲಿನಲ್ಲಿ ಕೂತು ಚದುರಿದ ಮಣ್ಣನ್ನು ಬಳಿದು ಸೆರಗಿಗೆ ಹಾಕಿಕೊಳ್ಳತೊಡಗಿದಳು. ಯಾರೂ ಕೈ ಹಚ್ಚಲಿಲ್ಲ. ಕೊನೆಗೆ ಮೆಹರಾಜಬೇಗಂ ಓಡಿಬಂದು ತನ್ನ ಓಢಣಿಯನ್ನೂ ಹಾಸಿದಳು. ಇಬ್ಬರೂ ಹೊತ್ತುಕೊಂಡು ಹೊಲಕ್ಕೆ ನಡೆದರು.

ಸುದ್ದಿ ತಿಳಿದು ನಾನು ಮತ್ತೆ ಹೋದೆ. ಫ್ಲೆಕ್ಸು ಚಂದ್ರಾಮಪ್ಪನ ಹೊಟೇಲಿನ ಹಿಂದೆ ಕಟ್ಟಿಗೆಯ ಮೇಲೆ ಹೊದಿಕೆಯಾಗಿತ್ತು. ಸಂತೋಷಕುಮಾರನ ಹೊಸ ವಿಡಿಯೊ ಮೊದಲಿನದಕ್ಕಿಂತ ಹೆಚ್ಚು ಓಡುತ್ತಿತ್ತು. ನಮ್ಮ ಪ್ರೀತಿಯೇ ಅಣ್ಣನನ್ನು ಉಳಿಸಿತು ಅಂತ ಅದರಲ್ಲಿ ಹೇಳಿದ್ದಾನೆ. ನಿಮ್ಮ ಪ್ರೀತಿ ಉಳಿಸುವಂಥದ್ದಾಗಿದ್ದರೆ ಹೊಟ್ಟೆ ಹಿಡಿದುಕೊಂಡು ಒದ್ದಾಡುವವನಿಗೆ ಒಂದು ಟಂಟಂ ಸಿಗುತ್ತಿತ್ತು, ತಮ್ಮಾ. ತೆರೆಯೊಳಗಿನ ಬಾಗಿಲು ತೆರೆಯಿರಿ ಅಂತ ಅರಚಲು ಗಂಟಲು ಸಾಕು. ನಿಮ್ಮ ಅಗಸಿಯ ಮುಳ್ಳು ಸರಿಸಲು ಕೈ ಬೇಕಿತ್ತು.

ಸುಭದ್ರಾಬಾಯಿ ನನ್ನನ್ನು ಹೊಲಕ್ಕೆ ಕರೆದೊಯ್ದಳು. ದೌಲತರಾಯನ ಗದ್ದಿಗೆಯ ಪಕ್ಕದಲ್ಲಿ ಕೂಸಿನದರಷ್ಟು ಚಿಕ್ಕ ಗುಡ್ಡೆ. ಕೆಂಪು ಕಾಗದದ ಚೂರುಗಳು ಇನ್ನೂ ಮಣ್ಣೊಳಗೆ ಕಾಣುತ್ತಿದ್ದವು. ಕೂತು ಕೂತು ಆರಿಸಿದೆ, ಪೂರಾ ಬರವಲ್ವು ಅಂದಳು. ಅದು ಸೀರಿಯಲ್ಲಿನವನಿಗೆ ಕೊಟ್ಟದ್ದಾಗಲಿಲ್ಲವೇ ಅಂತ ಊರಲ್ಲಿ ಯಾರೋ ಕೇಳಿದ್ದರಂತೆ. ಬೀರಣ್ಣನ ಮಣ್ಣು ಇದರಲ್ಲಿ ಇದೆ, ಮೆಹರಾಜಳದು ಇದೆ, ಕೊಟ್ಟವರಿಗೆ ಯಾರಿಗೆ ಕೊಟ್ಟೆ ಅಂತ ಗೊತ್ತಿತ್ತು, ಕೊಟ್ಟ ಮಣ್ಣು ತಿರುಗಿ ಬರುವುದಿಲ್ಲ ಅಂದಳಂತೆ.

ಸೀರಿಯಲ್ ಬಿಟ್ಟಿರೇನು ಅಂದೆ. ಬಿಟ್ಟಿಲ್ಲ. ಡ್ರೈವರ್ ಬದುಕಿದ್ದರೂ ಹೊರಗೇ ಇದ್ದಾನೆ, ಬಾಗಿಲು ಇನ್ನೂ ತೆರೆದಿಲ್ಲ, ಅದನ್ನೊಂದು ನೋಡಬೇಕು ಅಂದಳು.

ತಿರುಗಿ ಬರುವಾಗ ಅಗಸಿಯಲ್ಲಿ ಮೊಬೈಲ್ ಅಂಗಡಿ ತೆರೆದಿತ್ತು. ನಮ್ಮನ್ನು ಕಂಡು ಸಂತೋಷಕುಮಾರ ಒಳಗೆ ಸರಿದ. ಗಾಜಿನ ಪೆಟ್ಟಿಗೆಯ ಹಿಂದೆ, ಚಾರ್ಜರುಗಳ ಮಗ್ಗುಲಲ್ಲಿ, ಸ್ಟೀಲಿನ ಡಬ್ಬಿ ಹಾಗೇ ಇತ್ತು. ತೊಳೆದು ಒರೆಸಿ ಇಟ್ಟಂತೆ ಹೊಳೆಯುತ್ತಿತ್ತು. ಯಾಕೆ ಇನ್ನೂ ವಾಪಸು ಕೊಟ್ಟಿಲ್ಲ ಅವನು, ಹೋಗಿ ಕೇಳಲೇನು ಅಂತ ನಾನು ಸಿಟ್ಟಿನಿಂದ ನಿಂತೆ.

ಸುಭದ್ರಾಬಾಯಿ ನಿಲ್ಲಲಿಲ್ಲ. “ಬ್ಯಾಡ್ರಿ. ಖಾಲಿ ತರಂಗಿಲ್ಲಲ್ರಿ,” ಅಂದಳು. “ಏನ್ ಹಾಕಿ ತರ್ಬೇಕಂತ ಅವಗ ಗೊತ್ತೈತಿ. ಕೈ ಏಳವಲ್ದು.”